ಎಂಡ್ಯೂರೆನ್ಸ್ ರೇಸಿಂಗ್ ಕಾರುಗಳ ಡೈಕಾಸ್ಟ್ ಮಾದರಿಗಳ ಸಂಗ್ರಹ

ಎಂಡ್ಯೂರೆನ್ಸ್ ರೇಸಿಂಗ್ ಕಾರುಗಳ ಡೈಕಾಸ್ಟ್ ಮಾದರಿಗಳ ಸಂಗ್ರಹವು ದೀರ್ಘಾವಧಿಯ ಮೋಟಾರು ಓಟಗಳಲ್ಲಿ ಪಾಲ್ಗೊಂಡ ಐತಿಹಾಸಿಕ ಕಾರುಗಳ ಲೋಹದ ಕಿರುಪ್ರತಿಕೃತಿಗಳನ್ನು ಕೂಡಿಸುವ, ಅಧ್ಯಯನ ಮಾಡುವ ಹಾಗೂ ಕಾಪಾಡುವ ಹವ್ಯಾಸವಾಗಿದೆ. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟ, ಇಟಲಿಯ ಮಿಲ್ಲೆ ಮಿಲಿಯಾ ಮತ್ತು ಟಾರ್ಗಾ ಫ್ಲೋರಿಯೊ, ಅಮೆರಿಕದ ಸೆಬ್ರಿಂಗ್ ಹಾಗೂ ಡೇಟೋನಾ ಓಟಗಳ ಕಾರುಗಳು ಈ ಸಂಗ್ರಹಗಳಲ್ಲಿ ಪ್ರಧಾನವಾಗಿ ಕಾಣುತ್ತವೆ. ಸಾಮಾನ್ಯ ಆಟಿಕೆ ಕಾರುಗಳ ಸಂಗ್ರಹಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸವೊಂದಿದೆ. ಇಲ್ಲಿ ಮಾದರಿಯು ಒಂದು ಬಗೆಯ ಕಾರನ್ನಷ್ಟೇ ಪ್ರತಿನಿಧಿಸುವುದಿಲ್ಲ. ನಿರ್ದಿಷ್ಟ ವರ್ಷದ ನಿರ್ದಿಷ್ಟ ಓಟದಲ್ಲಿ, ನಿರ್ದಿಷ್ಟ ಚಾಲಕರ ಕೈಯಲ್ಲಿ, ನಿರ್ದಿಷ್ಟ ಸಂಖ್ಯೆ ಹೊತ್ತು ಓಡಿದ ಒಂದೇ ಒಂದು ಕಾರನ್ನು ಅದು ಪ್ರತಿನಿಧಿಸುತ್ತದೆ. ಆದ್ದರಿಂದ ಸಂಗ್ರಾಹಕರು ಇಂತಹ ಮಾದರಿಯನ್ನು ಅಲಂಕಾರದ ವಸ್ತುವಿಗಿಂತ ಹೆಚ್ಚಾಗಿ ಒಂದು ದಾಖಲೆಯೆಂದು ಪರಿಗಣಿಸುತ್ತಾರೆ. ಆ ದಾಖಲೆ ಎಷ್ಟು ನಿಖರ, ಎಷ್ಟು ಪೂರ್ಣ ಮತ್ತು ಎಷ್ಟು ಕಾಲ ಉಳಿಯಬಲ್ಲದು ಎಂಬುದೇ ಈ ಹವ್ಯಾಸದ ಮೂಲ ಪ್ರಶ್ನೆ.

ಮಾದರಿ ಮತ್ತು ಪ್ರಮಾಣ

ದೊಡ್ಡ ವಸ್ತುವಿನ ಕಿರುರೂಪವೆಲ್ಲವೂ ಪ್ರಮಾಣಬದ್ಧ ಮಾದರಿ ಎನಿಸುವುದಿಲ್ಲ. ಬೇಲೂರು, ಹಳೇಬೀಡು ಮೊದಲಾದ ಕಡೆಗಳ ಹೊಯ್ಸಳ ದೇವಾಲಯಗಳಲ್ಲಿ ಪುಟ್ಟ ಗೋಪುರಗಳ ಹಾಗೂ ಕಿರುಗುಡಿಗಳ ಕೆತ್ತನೆಗಳನ್ನು ನೋಡಬಹುದು. ಅವು ದೊಡ್ಡ ಶಿಖರದ ಆಕಾರವನ್ನು ನೆನಪಿಸುತ್ತವೆಯೇ ಹೊರತು ಅದರ ಪ್ರತಿಯೊಂದು ಅಳತೆಯನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿದ ಪ್ರತಿಗಳಲ್ಲ. ಶಿಲ್ಪಿಯ ಉದ್ದೇಶವೂ ಅದಾಗಿರಲಿಲ್ಲ. ಪ್ರಮಾಣಬದ್ಧ ಮಾದರಿಯಲ್ಲಿ ಉದ್ದ, ಅಗಲ, ಎತ್ತರ, ಗಾಲಿಗಳ ನಡುವಿನ ಅಂತರ ಎಲ್ಲವೂ ಒಂದೇ ಸಂಖ್ಯೆಯಿಂದ ಭಾಗಿಸಲ್ಪಟ್ಟಿರಬೇಕು. 1:43 ಎಂದರೆ ಮೂಲ ಕಾರಿನ 43 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್ ಆಗುತ್ತದೆ ಎಂದರ್ಥ.

4.3 ಮೀಟರ್ ಉದ್ದದ ಒಂದು ಓಟದ ಕಾರು 1:43 ಪ್ರಮಾಣದಲ್ಲಿ 10 ಸೆಂಟಿಮೀಟರ್, 1:18ರಲ್ಲಿ ಸುಮಾರು 24 ಸೆಂಟಿಮೀಟರ್ ಮತ್ತು 1:64ರಲ್ಲಿ 7 ಸೆಂಟಿಮೀಟರಿಗಿಂತ ಕಡಿಮೆ ಉದ್ದವಾಗುತ್ತದೆ. ಈ ಮೂರರಲ್ಲಿ 1:43 ಅತ್ಯಂತ ಹಳೆಯದು ಮತ್ತು ಎಂಡ್ಯೂರೆನ್ಸ್ ಕಾರುಗಳ ಮಟ್ಟಿಗೆ ಅತ್ಯಂತ ಸಮೃದ್ಧವಾದದ್ದು. ಈ ವಿಚಿತ್ರ ಸಂಖ್ಯೆಯ ಮೂಲ ಕಾರುಗಳಲ್ಲಿಲ್ಲ, ಆಟಿಕೆ ರೈಲುಗಳಲ್ಲಿದೆ. ಬ್ರಿಟನ್ನಿನ 'ಓ' ಗೇಜ್ ಮಾದರಿ ರೈಲುಗಳಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ಅದು ಸುಮಾರು 1:43.5 ಆಗುತ್ತದೆ. ರೈಲು ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಲು ತಯಾರಾದ ಪುಟ್ಟ ಕಾರುಗಳ ಅಳತೆಯೇ ಮುಂದೆ ಕಾರು ಸಂಗ್ರಾಹಕರ ರೂಢಿಯಾಯಿತು.

ಪ್ರಮಾಣ ಚಿಕ್ಕದಾದಷ್ಟೂ ತಯಾರಕರಿಗೆ ಕಷ್ಟ ಹೆಚ್ಚು. ಫೋರ್ಡ್ ಜಿಟಿ40 ಕಾರಿಗೆ ಆ ಹೆಸರು ಬಂದದ್ದು ಅದರ 40 ಅಂಗುಲ ಎತ್ತರದಿಂದ. 1:43ರಲ್ಲಿ ಈ ಎತ್ತರ 2.4 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅಷ್ಟರೊಳಗೆ ಛಾವಣಿಯ ಇಳಿಜಾರು ಅರ್ಧ ಮಿಲಿಮೀಟರ್ ತಪ್ಪಿದರೂ ಕಾರಿನ ಚಹರೆ ಬದಲಾಗಿಬಿಡುತ್ತದೆ.

ಓಟಗಳ ಹಿನ್ನೆಲೆ

ಟಾರ್ಗಾ ಫ್ಲೋರಿಯೊ ಸಿಸಿಲಿ ದ್ವೀಪದ ಗುಡ್ಡಗಾಡು ರಸ್ತೆಗಳಲ್ಲಿ 1906ರಲ್ಲಿ ಆರಂಭವಾಯಿತು. ಲೆ ಮಾನ್ಸ್ 24 ಗಂಟೆಗಳ ಮೊದಲ ಓಟ 1923ರ ಮೇ 26 ಮತ್ತು 27ರಂದು ನಡೆಯಿತು. ಆಂದ್ರೆ ಲಗಾಶ್ ಮತ್ತು ರೆನೆ ಲಿಯೊನಾರ್ ಶೆನಾರ್-ವಾಲ್ಕರ್ ಕಾರಿನಲ್ಲಿ ಅತಿ ಹೆಚ್ಚು ದೂರ ಕ್ರಮಿಸಿದರು. ಬ್ರೆಷಿಯಾದಿಂದ ರೋಮ್‌ಗೆ ಹೋಗಿ ಮರಳುವ ಸಾವಿರ ಮೈಲಿಗಳ ಮಿಲ್ಲೆ ಮಿಲಿಯಾ 1927ರಿಂದ 1957ರವರೆಗೆ ನಡೆಯಿತು. ಸೆಬ್ರಿಂಗ್ 12 ಗಂಟೆಗಳ ಓಟ 1952ರಲ್ಲಿ, ಡೇಟೋನಾದ 24 ಗಂಟೆಗಳ ಓಟ 1966ರಲ್ಲಿ ಮೊದಲಾದವು. 1953ರಿಂದ 1992ರವರೆಗೆ ಇಂತಹ ಓಟಗಳು ವಿಶ್ವ ಸ್ಪೋರ್ಟ್ಸ್‌ಕಾರ್ ಚಾಂಪಿಯನ್‌ಶಿಪ್ಪಿನ ಭಾಗವಾಗಿದ್ದವು. 2012ರಿಂದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ ನಡೆಯುತ್ತಿದೆ.

ಈ ಓಟಗಳಲ್ಲಿ ವೇಗದಷ್ಟೇ ತಾಳಿಕೆಗೂ ಬೆಲೆಯುಂಟು. ಕಾರು ರಾತ್ರಿಯಿಡೀ ಓಡಬೇಕು, ಚಾಲಕರು ಸರದಿಯ ಮೇಲೆ ಕೂರಬೇಕು, ಇಂಧನ ಮತ್ತು ಟೈರುಗಳಿಗಾಗಿ ಮತ್ತೆ ಮತ್ತೆ ನಿಲ್ಲಬೇಕು. ಹೀಗಾಗಿ ಈ ಕಾರುಗಳಲ್ಲಿ ಹೆಚ್ಚುವರಿ ದೀಪಗಳು, ರಾತ್ರಿ ಸಂಖ್ಯೆಯನ್ನು ಬೆಳಗುವ ಪುಟ್ಟ ಬಲ್ಬುಗಳು, ತಂಡದವರು ದೂರದಿಂದ ಗುರುತಿಸಲು ಬಳಿದ ಬಣ್ಣದ ಪಟ್ಟಿಗಳು ಇರುತ್ತವೆ. ಮಾದರಿ ಸಂಗ್ರಾಹಕರು ಮೊದಲು ಗಮನಿಸುವುದು ಇಂತಹ ವಿವರಗಳನ್ನೇ.

ಆಟಿಕೆಯಿಂದ ಮಾದರಿಗೆ

ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1930ರ ದಶಕದ ಮೊದಲರ್ಧದಲ್ಲಿ ಡಿಂಕಿ ಟಾಯ್ಸ್ ಎಂಬ ಹೆಸರಿನಲ್ಲಿ ಎರಕದ ಪುಟ್ಟ ವಾಹನಗಳನ್ನು ಮಾರುಕಟ್ಟೆಗೆ ತಂದಿತು. ಫ್ರಾನ್ಸಿನಲ್ಲಿ 1932ರಲ್ಲಿ ಸ್ಥಾಪನೆಯಾದ ಸೋಲಿಡೊ, ಬ್ರಿಟನ್ನಿನಲ್ಲಿ 1956ರಲ್ಲಿ ಆರಂಭವಾದ ಕಾರ್ಗಿ ಟಾಯ್ಸ್, ಇಟಲಿಯ ಮರ್ಕ್ಯುರಿ ಮೊದಲಾದವು ಓಟದ ಕಾರುಗಳನ್ನೂ ತಯಾರಿಸಿದವು. ಜಾಗ್ವಾರ್ ಡಿ-ಟೈಪ್ ಕಾರು 1955, 1956 ಮತ್ತು 1957ರಲ್ಲಿ ಸತತವಾಗಿ ಲೆ ಮಾನ್ಸ್ ಗೆದ್ದಾಗ ಡಿಂಕಿ, ಸೋಲಿಡೊ ಎರಡೂ ಅದರ ಕಿರುಪ್ರತಿಕೃತಿಗಳನ್ನು ಹೊರತಂದವು. ಅವು ಮಕ್ಕಳ ಆಟಿಕೆಗಳೇ. ಸಂಖ್ಯೆಗಳು ಎಷ್ಟೋ ಸಲ ಕಾಲ್ಪನಿಕವಾಗಿದ್ದವು, ಗಾಲಿಗಳು ದಪ್ಪವಾಗಿದ್ದವು, ಬಣ್ಣ ತಯಾರಕರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಆದರೂ ಸೋಲಿಡೊ ಕಂಪನಿಯ 1960 ಮತ್ತು 1970ರ ದಶಕಗಳ ಮಾದರಿಗಳು ಆಕಾರದ ನಿಖರತೆಯಲ್ಲಿ ತಮ್ಮ ಕಾಲದ ಇತರ ಆಟಿಕೆಗಳಿಗಿಂತ ಬಹಳ ಮುಂದಿದ್ದವು. ಅವುಗಳನ್ನು ಇಂದಿಗೂ ಆದರದಿಂದ ಹುಡುಕಲಾಗುತ್ತದೆ.

ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಬೇಡಿಕೆ ಬದಲಾಯಿತು. ಇಟಲಿಯ ಬ್ರಮ್ ಕಂಪನಿ 1970ರ ದಶಕದಿಂದ ಹಳೆಯ ಕಾರುಗಳನ್ನು ಪ್ರದರ್ಶನಕ್ಕಾಗಿಯೇ ರೂಪಿಸತೊಡಗಿತು. ಜರ್ಮನಿಯ ಆಹೆನ್ ನಗರದ ಮಿನಿಚಾಂಪ್ಸ್ 1990ರ ನಂತರ ಬಣ್ಣ, ಸಂಖ್ಯೆ, ಜಾಹೀರಾತು ಚಿಹ್ನೆಗಳೆಲ್ಲವನ್ನೂ ಛಾಯಾಚಿತ್ರಗಳೊಂದಿಗೆ ಹೋಲಿಸಿ ತಯಾರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅಮೆರಿಕದ ಎಕ್ಸೋಟೊ ಮತ್ತು ಜರ್ಮನಿಯ ಸಿಎಂಸಿ ಕಂಪನಿಗಳು 1:18 ಪ್ರಮಾಣದಲ್ಲಿ, ಬಾಗಿಲು ಹಾಗೂ ಎಂಜಿನ್ ಮುಚ್ಚಳ ತೆರೆಯುವಂತಹ ಮಾದರಿಗಳನ್ನು ನೂರಾರು ಬಿಡಿಭಾಗಗಳಿಂದ ಜೋಡಿಸಿದವು. ಇದಕ್ಕೆ ವಿರುದ್ಧ ತುದಿಯಲ್ಲಿ, ಯುರೋಪಿನ ಪ್ರಕಾಶಕರು ವಾರಪತ್ರಿಕೆಯ ಜೊತೆಗೆ ಒಂದೊಂದು ಅಗ್ಗದ ಮಾದರಿ ನೀಡುವ ಸರಣಿಗಳನ್ನು ಹೊರತಂದರು. ಅನುಭವಿಗಳು ಇವುಗಳನ್ನು ಹಗುರವಾಗಿ ಕಂಡರೂ, ಬೇರಾವ ಕಂಪನಿಯೂ ಮುಟ್ಟದ ಕೆಲವು ಕಾರುಗಳು ಈ ಸರಣಿಗಳಲ್ಲಿ ಮಾತ್ರ ದೊರೆಯುತ್ತವೆ.

ತಯಾರಿಕೆ ಮತ್ತು ಅದರ ಪರಿಣಾಮ

ಡೈಕಾಸ್ಟ್ ಎಂದರೆ ಉಕ್ಕಿನ ಅಚ್ಚಿನೊಳಗೆ ಕರಗಿದ ಲೋಹವನ್ನು ಒತ್ತಡದಿಂದ ತುಂಬಿ ಎರಕ ತೆಗೆಯುವ ವಿಧಾನ. ಮಾದರಿಗಳಿಗೆ ಸಾಮಾನ್ಯವಾಗಿ ಬಳಸುವುದು ಜಾಮಾಕ್ ಎಂಬ ಮಿಶ್ರಲೋಹ. ಇದರಲ್ಲಿ ಸತುವೇ ಪ್ರಧಾನ, ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಹಾಗೂ ಅಲ್ಪ ಪ್ರಮಾಣದಲ್ಲಿ ಮೆಗ್ನೀಸಿಯಂ ಮತ್ತು ತಾಮ್ರ ಸೇರಿರುತ್ತವೆ. ಈ ನಾಲ್ಕು ಲೋಹಗಳ ಜರ್ಮನ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 'ಜಾಮಾಕ್' ಪದ ಹುಟ್ಟಿತು. ಮಿಶ್ರಲೋಹವು 400 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲೇ ಕರಗುವುದರಿಂದ ಉಕ್ಕಿನ ಅಚ್ಚು ಬೇಗ ಸವೆಯುವುದಿಲ್ಲ. ಎರಕದ ಅಂಚುಗಳನ್ನು ತಿದ್ದಿ, ಬಣ್ಣ ಸಿಂಪಡಿಸಿ, ಸಂಖ್ಯೆ ಹಾಗೂ ಅಕ್ಷರಗಳನ್ನು ಮೆತ್ತನೆಯ ಸಿಲಿಕೋನ್ ದಿಂಡಿನಿಂದ ಮುದ್ರಿಸಲಾಗುತ್ತದೆ ಅಥವಾ ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳನ್ನು ಹಚ್ಚಲಾಗುತ್ತದೆ.

ಉಕ್ಕಿನ ಅಚ್ಚು ಬಹಳ ದುಬಾರಿ. ಒಂದೇ ಅಚ್ಚಿನಿಂದ ಸಾವಿರಾರು ಎರಕಗಳನ್ನು ಮಾರಿದರೆ ಮಾತ್ರ ಅದರ ವೆಚ್ಚ ಹಿಂತಿರುಗುತ್ತದೆ. ಆದ್ದರಿಂದ ತಯಾರಕರು ಗೆದ್ದ ಕಾರು, ಸಿನಿಮಾದಲ್ಲಿ ಕಂಡ ಕಾರು, ಹಲವು ಬಣ್ಣಗಳಲ್ಲಿ ಓಡಿದ ಕಾರುಗಳನ್ನೇ ಆಯ್ದುಕೊಳ್ಳುತ್ತಾರೆ. ಹದಿನಾಲ್ಕನೆಯ ಸ್ಥಾನ ಪಡೆದ, ಅಥವಾ ನಡುರಾತ್ರಿ ಗೇರ್‌ಬಾಕ್ಸ್ ಮುರಿದು ನಿಂತ ಖಾಸಗಿ ತಂಡದ ಕಾರಿಗೆ ಲೋಹದಲ್ಲಿ ಜಾಗ ಸಿಗುವುದು ಅಪರೂಪ. ಓಟದ ಇತಿಹಾಸವನ್ನು ಡೈಕಾಸ್ಟ್ ಮಾದರಿಗಳಿಂದ ಮಾತ್ರ ತಿಳಿದವರಿಗೆ ಪ್ರತಿ ವರ್ಷ ಲೆ ಮಾನ್ಸ್‌ನಲ್ಲಿ ನಾಲ್ಕೈದು ಕಾರುಗಳಷ್ಟೇ ಓಡಿದಂತೆ ಕಾಣಬಹುದು. ವಾಸ್ತವದಲ್ಲಿ ಸಾಮಾನ್ಯವಾಗಿ ಐವತ್ತರ ಆಸುಪಾಸಿನ ಕಾರುಗಳು ಹೊರಡುತ್ತವೆ.

ಈ ಕೊರತೆಯನ್ನು ತುಂಬಿದ್ದು ರೆಸಿನ್ ಮಾದರಿಗಳು. ರಬ್ಬರಿನಂತಹ ಸಿಲಿಕೋನ್ ಅಚ್ಚಿನಲ್ಲಿ ದ್ರವರೂಪದ ರೆಸಿನ್ ಸುರಿದು ಇವುಗಳನ್ನು ತಯಾರಿಸುತ್ತಾರೆ. ಆ ಅಚ್ಚು ಕೆಲವೇ ಹತ್ತು ಎರಕಗಳ ನಂತರ ಹಾಳಾಗುತ್ತದೆ, ಆದರೆ ಅಗ್ಗ. ಹಾಗಾಗಿ ಕೆಲವೇ ನೂರು ಪ್ರತಿಗಳನ್ನು ತಯಾರಿಸಿದರೂ ನಷ್ಟವಿಲ್ಲ. ಸ್ಪಾರ್ಕ್ ಕಂಪನಿ ಇದೇ ವಿಧಾನದಿಂದ ಇತ್ತೀಚಿನ ಲೆ ಮಾನ್ಸ್ ಓಟಗಳ ಬಹುತೇಕ ಎಲ್ಲ ಕಾರುಗಳನ್ನೂ 1:43ರಲ್ಲಿ ಹೊರತರುತ್ತಿದೆ. ರೆಸಿನ್ ಮಾದರಿಗಳ ಬಾಗಿಲು ತೆರೆಯುವುದಿಲ್ಲ, ತೂಕ ಕಡಿಮೆ, ಬಿದ್ದರೆ ಒಡೆಯುತ್ತವೆ. ಶುದ್ಧ ಡೈಕಾಸ್ಟ್ ಪಕ್ಷಪಾತಿಗಳು ಇವನ್ನು ಒಪ್ಪುವುದಿಲ್ಲ. ಆದರೆ ಒಂದು ಓಟದ ಪೂರ್ಣ ಸಾಲನ್ನು ಕೂಡಿಸಹೊರಟವರಿಗೆ ರೆಸಿನ್ ಇಲ್ಲದೆ ದಾರಿಯಿಲ್ಲ. ಹಾಂಗ್‌ಕಾಂಗ್‌ನ ಆಟೋಆರ್ಟ್ ಕಂಪನಿಯೂ 2010ರ ದಶಕದ ಮಧ್ಯಭಾಗದಿಂದ ಸತುವಿನ ಬದಲು ಸಂಯುಕ್ತ ಪ್ಲಾಸ್ಟಿಕ್ ಹೊರಮೈಯನ್ನು ಬಳಸತೊಡಗಿದ್ದು ಸಂಗ್ರಾಹಕರ ನಡುವೆ ದೀರ್ಘ ಚರ್ಚೆಗೆ ಕಾರಣವಾಯಿತು. ತೆಳುವಾದ ಅಂಚುಗಳನ್ನು ಪ್ಲಾಸ್ಟಿಕ್‌ನಲ್ಲಿ ಹೆಚ್ಚು ನಿಖರವಾಗಿ ತೆಗೆಯಬಹುದು ಎಂಬುದು ನಿಜ; ಕೈಗೆತ್ತಿಕೊಂಡಾಗಿನ ಲೋಹದ ತಂಪು ಹಾಗೂ ಭಾರ ಅದರಲ್ಲಿಲ್ಲ ಎಂಬುದೂ ನಿಜ.

ಸಂಗ್ರಹಗಳಲ್ಲಿನ ಪ್ರಮುಖ ಕಾರುಗಳು

ಒಂದೇ ಚಾಸಿ, ಎರಡು ಬೇರೆ ಬೇರೆ ಮಾದರಿಗಳು ಎಂಬುದಕ್ಕೆ ಫೋರ್ಡ್ ಜಿಟಿ40ರ 1075 ಸಂಖ್ಯೆಯ ಚಾಸಿ ಉತ್ತಮ ಉದಾಹರಣೆ. ಗಲ್ಫ್ ತೈಲ ಕಂಪನಿಯ ತಿಳಿನೀಲಿ ಮತ್ತು ಕಿತ್ತಳೆ ಬಣ್ಣದ ಈ ಕಾರು 1968ರಲ್ಲಿ 9ನೆಯ ಸಂಖ್ಯೆ ಹೊತ್ತು ಪೆಡ್ರೊ ರೋಡ್ರಿಗಸ್ ಮತ್ತು ಲ್ಯೂಸಿಯನ್ ಬಿಯಾಂಕಿ ಅವರ ಚಾಲನೆಯಲ್ಲಿ ಲೆ ಮಾನ್ಸ್ ಗೆದ್ದಿತು. ಮರುವರ್ಷ ಅದೇ ಕಾರು 6ನೆಯ ಸಂಖ್ಯೆಯೊಂದಿಗೆ ಜ್ಯಾಕಿ ಇಕ್ಸ್ ಮತ್ತು ಜ್ಯಾಕಿ ಆಲಿವರ್ ಅವರಿಗೆ ಗೆಲುವು ತಂದಿತು. 24 ಗಂಟೆಗಳ ನಂತರ ಎರಡನೆಯ ಸ್ಥಾನದ ಪೋರ್ಷೆಗೂ ಅದಕ್ಕೂ ನೂರು ಮೀಟರಿಗಿಂತ ಸ್ವಲ್ಪವೇ ಹೆಚ್ಚಿನ ಅಂತರವಿತ್ತು. ಎರಡೂ ವರ್ಷದ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಬಣ್ಣ ಒಂದೇ ಎನಿಸುತ್ತದೆ; ಸಂಖ್ಯೆಯಿಂದ ಆರಂಭಿಸಿ ಸಣ್ಣಪುಟ್ಟ ವಿವರಗಳಲ್ಲಿ ವ್ಯತ್ಯಾಸ ಹುಡುಕುವುದೇ ಸಂಗ್ರಾಹಕರ ಕೆಲಸ.

1966ರ ಮೂರು ಫೋರ್ಡ್ ಕಾರುಗಳನ್ನು ಒಂದು ಗುಂಪಾಗಿ ಕೂಡಿಸುವುದು ವಾಡಿಕೆ. 2ನೆಯ ಸಂಖ್ಯೆಯ ಕಪ್ಪು ಕಾರು, 1ನೆಯ ಸಂಖ್ಯೆಯ ತಿಳಿನೀಲಿ ಕಾರು ಮತ್ತು 5ನೆಯ ಸಂಖ್ಯೆಯ ಚಿನ್ನದ ಬಣ್ಣದ ಕಾರು ಒಟ್ಟಾಗಿ ಗುರಿ ದಾಟಿದವು. ಬ್ರೂಸ್ ಮೆಕ್‌ಲಾರೆನ್ ಮತ್ತು ಕ್ರಿಸ್ ಏಮನ್ ಅವರ ಕಪ್ಪು ಕಾರು ಆರಂಭದಲ್ಲಿ ಹಿಂದಿನ ಸ್ಥಾನದಿಂದ ಹೊರಟಿದ್ದರಿಂದ ಅದೇ ಹೆಚ್ಚು ದೂರ ಕ್ರಮಿಸಿದೆ ಎಂದು ತೀರ್ಮಾನಿಸಲಾಯಿತು. ಕೆನ್ ಮೈಲ್ಸ್ ಮತ್ತು ಡೆನಿ ಹಲ್ಮ್ ಎರಡನೆಯವರಾದರು. ಈ ಪ್ರಸಂಗವನ್ನು ಆಧರಿಸಿದ ಹಾಲಿವುಡ್ ಚಿತ್ರ 2019ರಲ್ಲಿ ಬಿಡುಗಡೆಯಾದ ಬಳಿಕ ಓಟದ ಇತಿಹಾಸ ತಿಳಿಯದವರಿಗೂ ಮೈಲ್ಸ್ ಅವರ ನೀಲಿ ಕಾರು ಪರಿಚಿತವಾಯಿತು.

ಗೆಲುವಿಗಿಂತ ಸಿನಿಮಾದ ಪ್ರಭಾವ ದೊಡ್ಡದು ಎಂಬುದಕ್ಕೆ ಪೋರ್ಷೆ 917 ಇನ್ನೂ ಸ್ಪಷ್ಟವಾದ ನಿದರ್ಶನ. ಪೋರ್ಷೆ ಕಂಪನಿ ನಿಯಮದ ಪ್ರಕಾರ ಅಗತ್ಯವಿದ್ದ 25 ಕಾರುಗಳನ್ನು 1969ರಲ್ಲಿ ಸಾಲಾಗಿ ನಿಲ್ಲಿಸಿ ಪರಿಶೀಲಕರಿಗೆ ತೋರಿಸಿತು. ಪೋರ್ಷೆಗೆ ಲೆ ಮಾನ್ಸ್‌ನ ಮೊದಲ ಸಮಗ್ರ ಗೆಲುವು ತಂದದ್ದು 1970ರ 23ನೆಯ ಸಂಖ್ಯೆಯ ಕೆಂಪು-ಬಿಳಿ ಕಾರು. ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಅದರ ಚಾಲಕರು. 1971ರಲ್ಲಿ ಮಾರ್ಟಿನಿ ಪಟ್ಟಿಗಳಿದ್ದ 22ನೆಯ ಸಂಖ್ಯೆಯ 917 ಕಾರು 5,335 ಕಿಲೋಮೀಟರ್ ಓಡಿ ಸ್ಥಾಪಿಸಿದ ದೂರದ ದಾಖಲೆ 2010ರವರೆಗೆ ಉಳಿಯಿತು. ಆದರೂ ಜಗತ್ತಿನಾದ್ಯಂತ ಕಪಾಟುಗಳಲ್ಲಿ ಹೆಚ್ಚಾಗಿ ಕಾಣುವುದು ಗಲ್ಫ್ ಬಣ್ಣದ 917. ಆ ಬಣ್ಣದ 917 ಲೆ ಮಾನ್ಸ್ ಓಟವನ್ನು ಒಮ್ಮೆಯೂ ಗೆಲ್ಲಲಿಲ್ಲ. 1971ರ 'ಲೆ ಮಾನ್ಸ್' ಚಲನಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಅವರ ಪಾತ್ರ ಓಡಿಸಿದ್ದು ಮಾತ್ರ ಅದನ್ನೇ. 917ರ ಇನ್ನೊಂದು ಪ್ರಸಿದ್ಧ ರೂಪ 1971ರ 23ನೆಯ ಸಂಖ್ಯೆಯ ಗುಲಾಬಿ ಕಾರು. ಅದರ ಮೈಮೇಲೆ ಕಟುಕರ ಅಂಗಡಿಯ ನಕ್ಷೆಯಂತೆ ಹಂದಿಮಾಂಸದ ಭಾಗಗಳ ಹೆಸರುಗಳನ್ನು ಬರೆಯಲಾಗಿತ್ತು. ಓಟ ಮುಗಿಸದ ಕಾರೊಂದು ಕೇವಲ ಬಣ್ಣದ ಬಲದಿಂದ ಇಷ್ಟು ಮಾದರಿಗಳಿಗೆ ಮೂಲವಾದದ್ದು ಅಪರೂಪ.

ಮಿಲ್ಲೆ ಮಿಲಿಯಾದ ಕಾರುಗಳಲ್ಲಿ ಸಂಖ್ಯೆಯನ್ನು ಓದುವ ಬಗೆಯೇ ಬೇರೆ. ಅಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಹೊರಟ ಸಮಯವೇ ಕಾರಿನ ಸಂಖ್ಯೆಯಾಗುತ್ತಿತ್ತು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಮತ್ತು ಡೆನಿಸ್ ಜೆಂಕಿನ್ಸನ್ ಅವರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಬೆಳಗಿನ 7 ಗಂಟೆ 22 ನಿಮಿಷಕ್ಕೆ ಹೊರಟಿದ್ದರಿಂದ ಅದರ ಮೇಲೆ 722 ಎಂದಿದೆ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಅವರು ಸಾವಿರ ಮೈಲಿಗಳನ್ನು ಮುಗಿಸಿದರು.

ಅದೇ ವರ್ಷದ ಜೂನ್ ತಿಂಗಳಲ್ಲಿ ಲೆ ಮಾನ್ಸ್‌ನಲ್ಲಿ ಪಿಯರ್ ಲೆವೆ ಅವರ 20ನೆಯ ಸಂಖ್ಯೆಯ 300 ಎಸ್‌ಎಲ್‌ಆರ್ ಅಪಘಾತಕ್ಕೀಡಾಗಿ ಲೆವೆ ಹಾಗೂ 80ಕ್ಕೂ ಹೆಚ್ಚು ಪ್ರೇಕ್ಷಕರು ಮೃತಪಟ್ಟರು. ಮುನ್ನಡೆಯಲ್ಲಿದ್ದ ಮರ್ಸಿಡಿಸ್ ತಂಡ ಆ ರಾತ್ರಿಯೇ ಓಟದಿಂದ ಹಿಂದೆ ಸರಿಯಿತು. ಈ ಕಾರಿನ ಮಾದರಿಯನ್ನು ಸಂಗ್ರಹದಲ್ಲಿ ಇಡಬೇಕೆ ಎಂಬ ಬಗ್ಗೆ ಒಮ್ಮತವಿಲ್ಲ. ಸಾಲನ್ನು ಪೂರ್ಣಗೊಳಿಸುವ ಹಠಕ್ಕೆ ಇದು ಸೂಕ್ತ ವಿಷಯವಲ್ಲ ಎಂಬುದು ಒಂದು ವಾದ. ಇದನ್ನು ಬಿಟ್ಟರೆ 1955ರ ಓಟದ ದಾಖಲೆ ಸುಳ್ಳಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆಯೆನ್ನಬಹುದು, ಆದರೆ ಮಾದರಿಯ ಪಕ್ಕದಲ್ಲಿ ಘಟನೆಯ ವಿವರವೂ ಇರಬೇಕಾಗುತ್ತದೆ.

ನಂತರದ ಕಾಲದಲ್ಲಿ, 1983ರ ಲೆ ಮಾನ್ಸ್‌ನ ಮೊದಲ ಹತ್ತು ಸ್ಥಾನಗಳಲ್ಲಿ ಒಂಬತ್ತನ್ನು ಪಡೆದ ಪೋರ್ಷೆ 956, 1988ರಲ್ಲಿ ಗೆದ್ದ ಜಾಗ್ವಾರ್ ಎಕ್ಸ್‌ಜೆಆರ್-9, 1991ರಲ್ಲಿ ರೋಟರಿ ಎಂಜಿನ್ನಿನಿಂದ ಗೆದ್ದ ಕಿತ್ತಳೆ-ಹಸಿರು ಬಣ್ಣದ 55ನೆಯ ಸಂಖ್ಯೆಯ ಮಜ್ದಾ 787ಬಿ ಮತ್ತು 2006ರಲ್ಲಿ ಡೀಸೆಲ್ ಎಂಜಿನ್ನಿನಿಂದ ಮೊದಲ ಗೆಲುವು ಪಡೆದ ಆಡಿ ಆರ್10 ಹೆಚ್ಚು ಬೇಡಿಕೆಯಲ್ಲಿವೆ.

ಜಾಹೀರಾತು ಚಿಹ್ನೆಗಳ ಸಮಸ್ಯೆ

1970ರಿಂದ 1990ರ ದಶಕದವರೆಗಿನ ಅನೇಕ ಓಟದ ಕಾರುಗಳು ಸಿಗರೇಟು ಅಥವಾ ಮದ್ಯದ ಕಂಪನಿಗಳ ಬಣ್ಣ ಹೊತ್ತಿದ್ದವು. ತಂಬಾಕು ಜಾಹೀರಾತಿನ ಮೇಲಿನ ಕಾನೂನುಗಳಿಂದಾಗಿ ಇಂತಹ ಕಾರುಗಳ ಮಾದರಿಗಳು ಹಲವು ಬಾರಿ ಹೆಸರಿಲ್ಲದೆ ಮಾರಾಟವಾಗುತ್ತವೆ. ನೇರಳೆ-ಬಿಳಿ ಬಣ್ಣದ ಜಾಗ್ವಾರ್ ಬರುತ್ತದೆ, ಆದರೆ ಸಿಗರೇಟಿನ ಹೆಸರಿರಬೇಕಾದ ಜಾಗ ಖಾಲಿ. ಬೇರೆ ಸಣ್ಣ ತಯಾರಕರಿಂದ ಡೆಕಾಲ್ ತರಿಸಿ ಸಂಗ್ರಾಹಕರೇ ಆ ಜಾಗವನ್ನು ತುಂಬುತ್ತಾರೆ. ಹೀಗೆ ಮಾಡಿದರೆ ಮಾದರಿ ಚರಿತ್ರೆಗೆ ಹತ್ತಿರವಾಗುತ್ತದೆ. ಆದರೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಉಳಿಯುವುದಿಲ್ಲವಾದ್ದರಿಂದ ಮರುಮಾರಾಟದ ಬೆಲೆ ಕುಸಿಯಬಹುದು. ಸಂಗ್ರಾಹಕರ ಪರಿಭಾಷೆಯಲ್ಲಿ ಕಾರ್ಖಾನೆಯ ಮೂಲ ಮಾದರಿ 'ಕೋಡ್ 1', ತಯಾರಕರ ಅನುಮತಿಯಿಂದ ಬೇರೆಯವರು ಬದಲಿಸಿದ್ದು 'ಕೋಡ್ 2', ಅನುಮತಿಯಿಲ್ಲದೆ ಬದಲಿಸಿದ್ದು 'ಕೋಡ್ 3'. ಮಾರುವಾಗ ಇದನ್ನು ತಿಳಿಸುವುದು ಶಿಷ್ಟಾಚಾರ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ಕಾಲದಲ್ಲಿ ವಿದೇಶಿ ಮಾದರಿಗಳು ಬರುತ್ತಿದ್ದದ್ದು ಹೆಚ್ಚಾಗಿ ಪರದೇಶದಿಂದ ಮರಳುವ ಬಂಧುಗಳ ಪೆಟ್ಟಿಗೆಗಳಲ್ಲಿ. ಆ ಅವಧಿಯಲ್ಲಿ ಕಲ್ಕತ್ತಾದ ಎಸ್. ಕುಮಾರ್ ಅಂಡ್ ಕಂಪನಿಯು ಡಿಂಕಿಯ ಹಳೆಯ ಅಚ್ಚುಗಳನ್ನು ಪಡೆದು 'ನಿಕ್ಕಿ ಟಾಯ್ಸ್' ಎಂಬ ಹೆಸರಿನಲ್ಲಿ ಕಾರುಗಳನ್ನು ತಯಾರಿಸಿತು. ಲೆ ಮಾನ್ಸ್ ಗೆದ್ದ ಜಾಗ್ವಾರ್ ಡಿ-ಟೈಪ್ ಕೂಡ ಈ ಸಾಲಿನಲ್ಲಿತ್ತು. ಸವೆದ ಅಚ್ಚು, ದಪ್ಪ ಬಣ್ಣ ಹಾಗೂ ಒರಟು ಮುಕ್ತಾಯದಿಂದಾಗಿ ಇವು ಮೂಲ ಡಿಂಕಿಗೆ ಸಮನಲ್ಲ. ಆದರೂ ಎಂಡ್ಯೂರೆನ್ಸ್ ಕಾರೊಂದರ ಭಾರತೀಯ ಎರಕವೆಂಬ ಕಾರಣಕ್ಕೆ ನಿಕ್ಕಿ ಡಿ-ಟೈಪ್‌ಗೆ ಈ ಹವ್ಯಾಸದ ಇತಿಹಾಸದಲ್ಲಿ ಪ್ರತ್ಯೇಕ ಸ್ಥಾನವಿದೆ, ಯುರೋಪಿನ ಸಂಗ್ರಾಹಕರೂ ಅದನ್ನು ಹುಡುಕುತ್ತಾರೆ. ಆಡಿದ ಗುರುತುಗಳಿಲ್ಲದ, ರಟ್ಟಿನ ಪೆಟ್ಟಿಗೆಯೂ ಉಳಿದಿರುವ ಪ್ರತಿ ಸಿಗುವುದು ಕಷ್ಟ.

ಉದಾರೀಕರಣದ ಬಳಿಕ ಹಾಟ್ ವೀಲ್ಸ್ ಮತ್ತು ಮ್ಯಾಚ್‌ಬಾಕ್ಸ್‌ನಂತಹ 1:64ರ ಆಸುಪಾಸಿನ ಅಗ್ಗದ ಕಾರುಗಳು ಸಣ್ಣ ಊರುಗಳ ಅಂಗಡಿಗಳಿಗೂ ತಲುಪಿದವು. ಪೋರ್ಷೆ, ಫೋರ್ಡ್, ಮಜ್ದಾ ಓಟದ ಕಾರುಗಳು ಆ ಸಾಲುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ; ಅರಸೀಕೆರೆಯಂತಹ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಯೂ ಕೈಗೆಟಕುವ ಬೆಲೆಯಲ್ಲಿ ಸಂಗ್ರಹ ಆರಂಭಿಸಬಹುದಾದ ಮೆಟ್ಟಿಲು ಇದು. 1:43 ಮತ್ತು 1:18ರ ನಿಖರ ಮಾದರಿಗಳು ಮಾತ್ರ ಬಹುಪಾಲು ಆಮದಿನ ಸರಕು.

ಇಲ್ಲಿ ಸುಂಕದ ಪ್ರಶ್ನೆ ಮುಖ್ಯವಾಗುತ್ತದೆ. ಸುಂಕ ವರ್ಗೀಕರಣದಲ್ಲಿ ಪ್ರಮಾಣಬದ್ಧ ಮನರಂಜನಾ ಮಾದರಿಗಳೂ ಆಟಿಕೆಗಳೂ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ದೇಶೀಯ ಆಟಿಕೆ ಉದ್ಯಮವನ್ನು ಉತ್ತೇಜಿಸುವ ಸಲುವಾಗಿ ಕೇಂದ್ರ ಸರ್ಕಾರ ಈ ಶೀರ್ಷಿಕೆಯ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿಸಿತು. 5,000 ರೂಪಾಯಿ ಬೆಲೆಯ ಮಾದರಿಗೆ 70ರ ದರದಲ್ಲಿ ಮೂಲ ಸುಂಕವೇ 3,500 ರೂಪಾಯಿ. ಇತರ ತೆರಿಗೆ ಹಾಗೂ ಸಾಗಣೆ ವೆಚ್ಚ ಪ್ರತ್ಯೇಕ. ಜೊತೆಗೆ 2021ರ ಜನವರಿ 1ರಿಂದ ಜಾರಿಯಾದ ಆಟಿಕೆ ಗುಣಮಟ್ಟ ಆದೇಶದಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳ ಸುರಕ್ಷತೆಗೆ ಈ ಆದೇಶ ಅಗತ್ಯವೇ. ಆದರೆ ವಯಸ್ಕರಿಗಾಗಿ ಕೆಲವೇ ನೂರು ಪ್ರತಿ ತಯಾರಿಸುವ ವಿದೇಶಿ ಕಂಪನಿಯ ಮಾದರಿ ಆಟಿಕೆಯೋ ಅಲ್ಲವೋ ಎಂಬ ಗೊಂದಲ ಸುಂಕದ ಕಟ್ಟೆಯಲ್ಲಿ ಉಂಟಾಗಬಲ್ಲದು. ಹೀಗಾಗಿ ದೇಶದೊಳಗೆ ಕೈಬದಲಾಗುವ ಹಳೆಯ ಮಾದರಿಗಳಿಗೆ ಬೆಲೆ ಏರಿದೆ.

ಲೆ ಮಾನ್ಸ್‌ನೊಂದಿಗೆ ಭಾರತೀಯರ ನೇರ ಸಂಬಂಧ ತೀರ ಇತ್ತೀಚಿನದು. 2009ರಲ್ಲಿ ನರೇನ್ ಕಾರ್ತಿಕೇಯನ್ ಭುಜದ ಗಾಯದಿಂದಾಗಿ ಓಟದಲ್ಲಿ ಆಡಿ ಕಾರನ್ನು ಓಡಿಸಲಾಗಲಿಲ್ಲ. 2012ರಲ್ಲಿ ಕರುಣ್ ಚಂದೋಕ್ ಅಲ್ಲಿ ಓಡಿದ ಮೊದಲ ಭಾರತೀಯರಾದರು ಮತ್ತು ಅವರ ತಂಡ ಆರನೆಯ ಸ್ಥಾನ ಪಡೆಯಿತು. ಬೆಂಗಳೂರಿನಲ್ಲಿ ಜನಿಸಿದ ಅರ್ಜುನ್ ಮೈನಿ 2019ರಲ್ಲಿ ಎಲ್‌ಎಂಪಿ2 ವರ್ಗದ ಒರೆಕಾ ಕಾರಿನಲ್ಲಿ ಲೆ ಮಾನ್ಸ್ ಓಟದಲ್ಲಿ ಪಾಲ್ಗೊಂಡರು. 2021ರ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲಿ ಕಾರ್ತಿಕೇಯನ್, ಮೈನಿ ಮತ್ತು ನವೀನ್ ರಾವ್ ಒಂದೇ ಕಾರಿನಲ್ಲಿ ರೇಸಿಂಗ್ ಟೀಮ್ ಇಂಡಿಯಾ ಹೆಸರಿನಲ್ಲಿ ಓಡಿದರು. ಇಂತಹ ಕಾರುಗಳು ಸಮಗ್ರ ವಿಜಯ ಗಳಿಸಿದವಲ್ಲ. ಉಕ್ಕಿನ ಅಚ್ಚಿನ ಲೆಕ್ಕಾಚಾರದಲ್ಲಿ ಅವು ಲೋಹಕ್ಕೆ ಬರುವ ಸಾಧ್ಯತೆ ಕಡಿಮೆ. ಕರ್ನಾಟಕದ ಸಂಗ್ರಾಹಕರಿಗೆ ತಮ್ಮ ನಾಡಿನ ಚಾಲಕನ ಕಾರು ಬೇಕಿದ್ದರೆ ರೆಸಿನ್ ಮಾದರಿಯನ್ನೋ ಡೆಕಾಲ್ ಹಚ್ಚಿ ಸ್ವತಃ ರೂಪಿಸಿದ ಮಾದರಿಯನ್ನೋ ಆಶ್ರಯಿಸಬೇಕಾಗುತ್ತದೆ.

ಬೇಲೂರಿಗೆ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಗಳಲ್ಲಿ ನಡೆಯುವ ಮೋಟಾರು ರ್ಯಾಲಿಗಳು ಬೇರೆಯೇ ಪ್ರಕಾರದ ಸ್ಪರ್ಧೆ. ಅವುಗಳ ಕಾರುಗಳ ಮಾದರಿಗಳನ್ನು ಪ್ರತ್ಯೇಕ ವಿಭಾಗವಾಗಿ ಕೂಡಿಸುತ್ತಾರೆ. ನಿಜವಾದ ಹಳೆಯ ಕಾರುಗಳನ್ನು ನೋಡಬಯಸುವವರಿಗೆ ಧರ್ಮಸ್ಥಳದ ಕಾರು ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯ ರಾಜ್ಯದಲ್ಲಿವೆ.

ಸಂರಕ್ಷಣೆ

ಹಳೆಯ ಡೈಕಾಸ್ಟ್ ಮಾದರಿಗಳ ದೊಡ್ಡ ಶತ್ರು 'ಜಿಂಕ್ ಪೆಸ್ಟ್' ಎಂಬ ಲೋಹಕ್ಷಯ. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸದಂತಹ ಕಲ್ಮಶ ಉಳಿದರೆ, ಲೋಹದ ಹರಳುಗಳ ನಡುವಿನ ಗಡಿಗಳಲ್ಲಿ ಸವೆತ ಆರಂಭವಾಗುತ್ತದೆ. ಮಾದರಿ ನಿಧಾನವಾಗಿ ಉಬ್ಬುತ್ತದೆ, ಬಣ್ಣದ ಮೇಲೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ, ಕೊನೆಗೆ ಹಿಡಿದರೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ವಾಹನಗಳಲ್ಲಿ ಇದು ಸಾಮಾನ್ಯ. ಇತ್ತೀಚಿನ ದಶಕಗಳ ಕೆಲವು ಮಾದರಿಗಳಲ್ಲೂ ಕಾಣಿಸಿಕೊಂಡಿದೆ. ಹೆಸರಿನಲ್ಲಿ ಪೀಡೆ ಎಂಬ ಅರ್ಥವಿದ್ದರೂ ಇದು ಒಂದು ಮಾದರಿಯಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಇದಕ್ಕೆ ಚಿಕಿತ್ಸೆಯೂ ಇಲ್ಲ. ತೇವಾಂಶ ಮತ್ತು ಉಷ್ಣತೆಯ ಏರಿಳಿತ ಕಡಿಮೆ ಮಾಡಿ ಅದರ ವೇಗವನ್ನು ತಗ್ಗಿಸಬಹುದು, ಅಷ್ಟೇ.

ಈ ದೃಷ್ಟಿಯಿಂದ ಹಾಸನ ಜಿಲ್ಲೆಯೊಳಗೇ ಎರಡು ಬಗೆಯ ಎಚ್ಚರಿಕೆ ಬೇಕಾಗುತ್ತದೆ. ಮಲೆನಾಡಿನ ಅಂಚಿನಲ್ಲಿರುವ ಬೇಲೂರು ಮತ್ತು ಅದರ ಪಶ್ಚಿಮದ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ತೇವ ಹಿಡಿಯುತ್ತವೆ. ರಟ್ಟಿನ ಪೆಟ್ಟಿಗೆಗಳಿಗೆ ಬೂಷ್ಟು ಬರುತ್ತದೆ, ಡೆಕಾಲ್‌ಗಳ ಅಂಚು ಏಳುತ್ತದೆ. ಅಲ್ಲಿ ಕಪಾಟನ್ನು ಹೊರಗೋಡೆಗೆ ತಾಗಿಸದೆ ಇಡುವುದು, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಕಾಲಕಾಲಕ್ಕೆ ಬದಲಿಸುವುದು ಉಪಯುಕ್ತ. ಬಯಲುಸೀಮೆಯ ಅರಸೀಕೆರೆಯಲ್ಲಿ ಮಳೆ ಕಡಿಮೆ; ಬೇಸಿಗೆಯ ಧೂಳು ಮತ್ತು ಬಿಸಿಲೇ ಸಮಸ್ಯೆ. ಗಾಜಿನ ಮುಚ್ಚಳವಿರುವ, ಬಿಸಿಲು ನೇರವಾಗಿ ಬೀಳದ ಜಾಗ ಬೇಕು. ಕುಳಿತ ಧೂಳನ್ನು ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೆರೆಗಳು ಬೀಳುತ್ತವೆ. ಮೆತ್ತನೆಯ ಕೂದಲಿನ ಕುಂಚದಿಂದ ತಳ್ಳುವುದು ವಾಡಿಕೆ.

ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಗಳನ್ನು ಮಾದರಿಗಳ ಪೆಟ್ಟಿಗೆಯಲ್ಲಿ ಇಡಬಾರದು, ಅವುಗಳ ಆವಿ ಕೆಲವು ಬಗೆಯ ಪ್ಲಾಸ್ಟಿಕ್ ಭಾಗಗಳನ್ನು ಮೆತ್ತಗಾಗಿಸುತ್ತದೆ. ಹೊಸ ಪ್ಲೈವುಡ್ ಕಪಾಟಿನಿಂದ ಹೊರಸೂಸುವ ಆಮ್ಲೀಯ ಆವಿಯೂ ಸತುವಿಗೆ ಹಾನಿಕರವಾದ್ದರಿಂದ ಕಪಾಟನ್ನು ಕೆಲಕಾಲ ತೆರೆದಿಟ್ಟು ಬಳಸುವುದು ಮೇಲು. ಮಾದರಿಯೊಂದಿಗೆ ಬರುವ ಸ್ಪಂಜು ವರ್ಷಗಳ ಬಳಿಕ ಜಿಗುಟಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಮೆತ್ತನೆಯ ಟೈರುಗಳಲ್ಲಿನ ರಾಸಾಯನಿಕಗಳು ಪ್ಲಾಸ್ಟಿಕ್ ಪೀಠದೊಂದಿಗೆ ಬೆರೆತು ಗುರುತು ಮೂಡಿಸುತ್ತವೆ. ಇದನ್ನು ತಪ್ಪಿಸಲು ಕಾರನ್ನು ಚಾಸಿಯ ಕೆಳಗಿನ ಆಧಾರದ ಮೇಲೆ ಎತ್ತಿ ನಿಲ್ಲಿಸುತ್ತಾರೆ.

ಮಾದರಿಯ ಜೊತೆಗೆ ಅದರ ವಿವರಪತ್ರವನ್ನೂ ಕಾಪಾಡುವುದು ರೂಢಿಯಲ್ಲಿದೆ. ತಯಾರಕರ ಹೆಸರು, ಪ್ರಮಾಣ, ಮೂಲ ಕಾರಿನ ಚಾಸಿ ಸಂಖ್ಯೆ, ಓಟ, ವರ್ಷ, ಓಟದ ಸಂಖ್ಯೆ, ಚಾಲಕರು, ಪಡೆದ ಸ್ಥಾನ, ಸಂಗ್ರಾಹಕರು ಮಾಡಿದ ಬದಲಾವಣೆಗಳು ಅದರಲ್ಲಿರುತ್ತವೆ. ಸಂಗ್ರಹ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಪೆಟ್ಟಿಗೆಗಳು ಕಳೆದುಹೋಗುವುದುಂಟು, ಸಂಖ್ಯೆಯ ಡೆಕಾಲ್ ಉದುರುವುದುಂಟು. ಆಗ 1968ರ ಜಿಟಿ40 ಯಾವುದು, 1969ರದು ಯಾವುದು ಎಂದು ಹೇಳಲು ಈ ಪತ್ರವಲ್ಲದೆ ಬೇರೆ ಆಧಾರವಿರುವುದಿಲ್ಲ.